ಹಳೆಯ ಸಿಂಗಲ್ ಕಾಸ್ಕ್ ವಿಸ್ಕಿ: ಲೇಬಲ್ಲಿನ ಲೆಕ್ಕ, ಲೋಟದ ಪರೀಕ್ಷೆ

ಮೂವತ್ತು ವರ್ಷ ಎಂಬ ಅಂಕಿ ಬಾಟಲಿಯ ಬೆಲೆಯನ್ನು ಖಂಡಿತ ಏರಿಸುತ್ತದೆ. ರುಚಿಯನ್ನೂ ಏರಿಸಿರುತ್ತದೆ ಎಂಬ ಖಾತರಿ ಇಲ್ಲ. ಸಾಮಾನ್ಯ ಸಿಂಗಲ್ ಮಾಲ್ಟ್ (ಮೊಳಕೆ ಬರಿಸಿದ ಬಾರ್ಲಿಯ ವಿಸ್ಕಿ) ತಯಾರಿಸುವಾಗ ಒಂದೇ ಭಟ್ಟಿಯ ಹಲವಾರು ಪೀಪಾಯಿಗಳನ್ನು ಬೆರೆಸಿ, ಒಂದರ ಕೊರತೆಯನ್ನು ಇನ್ನೊಂದರಿಂದ ಮುಚ್ಚುತ್ತಾರೆ. ಸಿಂಗಲ್ ಕಾಸ್ಕ್‌ಗೆ ಆ ಆಸರೆ ಇಲ್ಲ, ಅದು ಒಂದೇ ಪೀಪಾಯಿಯಿಂದ ತುಂಬಿದ್ದು. ಆ ಒಂದು ಪೀಪಾಯಿಯೊಳಗೆ ಒಳ್ಳೆಯದೋ ಕೆಟ್ಟದ್ದೋ ಏನು ನಡೆಯಿತೋ ಅದೇ ನಿಮ್ಮ ಲೋಟಕ್ಕೂ ಬರುತ್ತದೆ. ಹಾಗಾಗಿ ಕೊಳ್ಳುವವರು ವಿಚಾರಿಸಬೇಕಾದದ್ದು ಮೊದಲು ಪೀಪಾಯಿಯನ್ನು, ಆಮೇಲೆ ವಯಸ್ಸನ್ನು.

ಲೇಬಲ್ಲಿನ ಅಂಕಿಗಳು ಒಂದಕ್ಕೊಂದು ತಾಳೆಯಾಗಬೇಕು

ಸ್ಕಾಚ್ ವಿಸ್ಕಿಯ 2009ರ ನಿಯಮಾವಳಿಯಲ್ಲಿ ಐದು ವರ್ಗಗಳಿವೆ: ಸಿಂಗಲ್ ಮಾಲ್ಟ್, ಸಿಂಗಲ್ ಗ್ರೇನ್ (ಬೇರೆ ಧಾನ್ಯವೂ ಸೇರಿದ್ದು), ಬ್ಲೆಂಡೆಡ್ ಮಾಲ್ಟ್, ಬ್ಲೆಂಡೆಡ್ ಗ್ರೇನ್, ಬ್ಲೆಂಡೆಡ್ ಸ್ಕಾಚ್. ಸಿಂಗಲ್ ಕಾಸ್ಕ್ ಈ ಐದರಲ್ಲಿ ಇಲ್ಲ. ಪೀಪಾಯಿ ಓಕ್ ಮರದ್ದಾಗಿರಬೇಕು, 700 ಲೀಟರ್ ಮೀರಬಾರದು, ವಿಸ್ಕಿ ಕನಿಷ್ಠ 3 ವರ್ಷ ಸ್ಕಾಟ್ಲೆಂಡಿನಲ್ಲೇ ಮಾಗಬೇಕು, ಮದ್ಯಸಾರ ಶೇ 40ಕ್ಕಿಂತ ಕೆಳಗಿಳಿಯಬಾರದು, ನೀರು ಮತ್ತು ಕ್ಯಾರಮೆಲ್ ಬಣ್ಣದ ಹೊರತು ಏನನ್ನೂ ಸೇರಿಸುವಂತಿಲ್ಲ ಎಂಬುದೆಲ್ಲ ಕಾನೂನಿನಲ್ಲಿದೆ. ಆದರೆ ಪೀಪಾಯಿ ನಿಜಕ್ಕೂ ಒಂದೇ ಎಂಬುದಕ್ಕೆ ನಿಮಗೆ ಸಿಗುವ ಆಧಾರ ಬಾಟಲಿಗೆ ತುಂಬಿದವರ ಮಾತು ಮತ್ತು ಲೇಬಲ್ಲಿನ ಅಂಕಿಗಳು ಮಾತ್ರ.

ನಂಬಬಹುದಾದ ಲೇಬಲ್ಲಿನಲ್ಲಿ ಭಟ್ಟಿಯ ಹೆಸರು, ಬಟ್ಟಿ ಇಳಿಸಿದ ದಿನಾಂಕ, ಬಾಟಲಿಗೆ ತುಂಬಿದ ದಿನಾಂಕ, ಪೀಪಾಯಿಯ ಸಂಖ್ಯೆ, ಅದರ ಬಗೆ, ಒಟ್ಟು ಬಾಟಲಿಗಳೆಷ್ಟು, ದಶಮಾಂಶದವರೆಗಿನ ಮದ್ಯಸಾರ, ಇವಿಷ್ಟೂ ಇರುತ್ತವೆ. ಇವನ್ನು ಬಿಡಿಬಿಡಿಯಾಗಿ ಓದಬೇಡಿ, ಒಂದಕ್ಕೊಂದು ಹೊಂದಿಸಿ ಲೆಕ್ಕ ಹಾಕಿ.

ಮೊದಲು ಪೀಪಾಯಿಗಳ ಅಳತೆ ನೆನಪಿರಲಿ. ಬರ್ಬನ್ (ಅಮೆರಿಕದ ವಿಸ್ಕಿ) ತುಂಬಿದ್ದ ಅಮೆರಿಕನ್ ಬ್ಯಾರೆಲ್ ಸುಮಾರು 200 ಲೀಟರ್, ಹಾಗ್ಸ್‌ಹೆಡ್ ಸುಮಾರು 250, ಶೆರಿ (ಸ್ಪೇನಿನ ವೈನ್) ತುಂಬಿದ್ದ ಬಟ್ ಸುಮಾರು 500. ಸ್ಕಾಟ್ಲೆಂಡಿನ ಗೋದಾಮುಗಳಲ್ಲಿ ಮರದ ಮೂಲಕ ಆವಿಯಾಗಿ ಹೋಗುವ ಪಾಲು, ಅಂದರೆ ಏಂಜಲ್ಸ್ ಶೇರ್, ವರ್ಷಕ್ಕೆ ಸುಮಾರು ಶೇ 2 ಎಂದು ಹಿಡಿಯುವುದು ವಾಡಿಕೆ. ಈ ಲೆಕ್ಕದಲ್ಲಿ 250 ಲೀಟರಿನ ಹಾಗ್ಸ್‌ಹೆಡ್‌ನಲ್ಲಿ 30 ವರ್ಷದ ನಂತರ ಉಳಿಯುವುದು 136 ಲೀಟರ್ ಆಸುಪಾಸು. 70 ಸೆಂಟಿಲೀಟರ್ ಬಾಟಲಿಗಳಲ್ಲಿ ಹೇಳುವುದಾದರೆ ಸುಮಾರು 195. ನಲವತ್ತು ವರ್ಷವಾದರೆ 160ರ ಹತ್ತಿರ. ಬಟ್ ಆದರೆ ಇದರ ಇಮ್ಮಡಿ. ಇದು ಅಂದಾಜು. ಗೋದಾಮಿನ ತೇವ, ಪೀಪಾಯಿಯ ಬಿಗಿ, ನಡುವೆ ತೆಗೆದ ಮಾದರಿಗಳು ಎಲ್ಲವೂ ಅಂಕಿಯನ್ನು ಏರುಪೇರು ಮಾಡುತ್ತವೆ. ಆದರೆ ಮೇಲಿನ ಮಿತಿ ಅಲುಗುವುದಿಲ್ಲ. ಒಂದು ತೊಟ್ಟೂ ಆವಿಯಾಗದೆ 250 ಲೀಟರ್ ಪೂರ್ತಿ ಉಳಿದರೂ ಅದು 357 ಬಾಟಲಿ. 25 ವರ್ಷದ, ನೀರು ಬೆರೆಸದ ಹಾಗ್ಸ್‌ಹೆಡ್‌ನಿಂದ 480 ಬಾಟಲಿ ಬಂದವು ಎಂದು ಲೇಬಲ್ ಹೇಳಿದರೆ ಪೀಪಾಯಿಯ ಬಗೆ ತಪ್ಪಾಗಿ ಅಚ್ಚಾಗಿರಬೇಕು, ಇಲ್ಲವೇ ಪೀಪಾಯಿ ಒಂದಕ್ಕಿಂತ ಹೆಚ್ಚಿರಬೇಕು.

ಸಂಖ್ಯೆ ತೀರಾ ಕಡಿಮೆಯಿದ್ದರೆ ಅದು ಮೋಸವೆಂದು ತೀರ್ಮಾನಿಸಬೇಕಿಲ್ಲ. ಪೀಪಾಯಿಯ ಅರ್ಧವನ್ನು ಬೇರೊಬ್ಬರಿಗೆ ಮಾರಿರಬಹುದು, ಸೋರಿಕೆಯಾಗಿರಬಹುದು, ವಯಸ್ಸೇ ತಿಂದುಹಾಕಿರಬಹುದು. ಮೆಕ್ಯಾಲನ್ ಭಟ್ಟಿಯ 1926ರ ಪೀಪಾಯಿ ಸಂಖ್ಯೆ 263ರಿಂದ 60 ವರ್ಷದ ನಂತರ, 1986ರಲ್ಲಿ ಸಿಕ್ಕದ್ದು 40 ಬಾಟಲಿ ಮಾತ್ರ. ಅವುಗಳಲ್ಲೊಂದು 2023ರ ನವೆಂಬರಿನಲ್ಲಿ ಲಂಡನ್ನಿನ ಸದಬೀಸ್ ಹರಾಜಿನಲ್ಲಿ 21 ಲಕ್ಷ ಪೌಂಡ್ ದಾಟಿತು. ಆ ಬೆಲೆ ವಿರಳತೆಗೆ ಸಂದದ್ದು, ರುಚಿಯ ಅಳತೆಯಲ್ಲ.

ಮದ್ಯಸಾರವೂ ಕಥೆ ಹೇಳುತ್ತದೆ. ಮಾಲ್ಟ್ ವಿಸ್ಕಿಯನ್ನು ಬಹುಪಾಲು ಶೇ 63.5ರಲ್ಲಿ ಪೀಪಾಯಿಗೆ ತುಂಬುತ್ತಾರೆ. ತಂಪಾದ, ತೇವದ ಗೋದಾಮಿನಲ್ಲಿ ನೀರಿಗಿಂತ ಮದ್ಯಸಾರ ಬೇಗ ಹೋಗುವುದರಿಂದ ವರ್ಷಗಳು ಕಳೆದಂತೆ ಅಂಕಿ ಇಳಿಯುತ್ತದೆ. ಬಿಸಿಯಾದ ಒಣ ಗೋದಾಮಿನಲ್ಲಿ ನೀರೇ ಹೆಚ್ಚು ಹೋಗಿ ಅಂಕಿ ಏರುವುದೂ ಉಂಟು. ಮೂವತ್ತು ದಾಟಿದ ಸ್ಕಾಚ್‌ನಲ್ಲಿ ಶೇ 45ರಿಂದ 54ರ ನಡುವಿನ ಅಂಕಿ ಸಹಜ. ಹದಿನೆಂಟೇ ವರ್ಷಕ್ಕೆ ಶೇ 42 ಎಂದಿದ್ದರೆ ಪೀಪಾಯಿ ಸಡಿಲಾಗಿತ್ತೇ ಎಂದು ಯೋಚಿಸಿ. ಅಂಕಿ 40ರ ಸಮೀಪ ಬಂದ ಪೀಪಾಯಿಯನ್ನು ಮಾಲೀಕ ಅವಸರದಲ್ಲಿ ಬಾಟಲಿಗೆ ಇಳಿಸಿರುತ್ತಾನೆ. 40ರ ಕೆಳಗೆ ಬಿದ್ದರೆ ಅದನ್ನು ಸ್ಕಾಚ್ ಎಂದು ಮಾರುವಂತಿಲ್ಲವಲ್ಲ! ಇನ್ನು ಶೇ 43.0, 46.0 ಎಂಬ ದುಂಡು ಅಂಕಿ ಕಂಡರೆ ನೀರು ಸೇರಿಸಿ ಇಳಿಸಿದ್ದೆಂದೇ ತಿಳಿಯಿರಿ. ಅದು ತಪ್ಪೇನಲ್ಲ. ಸಿಂಗಲ್ ಕಾಸ್ಕ್ ಬೇರೆ, ನೀರು ಬೆರೆಸದೆ ತುಂಬಿದ ಕಾಸ್ಕ್ ಸ್ಟ್ರೆಂತ್ ಬೇರೆ.

ಬಣ್ಣವನ್ನಂತೂ ನಂಬಬೇಡಿ. ಕ್ಯಾರಮೆಲ್‌ಗೆ ಕಾನೂನೇ ಅವಕಾಶ ಕೊಟ್ಟಿದೆ. ಬಣ್ಣ ಸೇರಿಸಿಲ್ಲ ಎಂದು ಬರೆದಿದ್ದರೂ, ವೈನಿನ ಪೀಪಾಯಿ ಕೆಲವೇ ತಿಂಗಳಲ್ಲಿ ವಿಸ್ಕಿಯನ್ನು ಕೆಂಪಾಗಿಸಬಲ್ಲದು. ಮೂರನೇ ಸಲ ತುಂಬಿದ ಪೀಪಾಯಿಯಲ್ಲಿ ನಲವತ್ತು ವರ್ಷ ಕಳೆದರೂ ಒಣಹುಲ್ಲಿನ ಬಣ್ಣವೇ ಉಳಿಯಬಹುದು. ಚಿಲ್ ಫಿಲ್ಟರ್ (ತಣ್ಣಗಾಗಿಸಿ ಸೋಸುವುದು) ಮಾಡಿಲ್ಲ ಎಂಬ ಸಾಲು ಒಳ್ಳೆಯ ಲಕ್ಷಣ. ಅಂಥ ವಿಸ್ಕಿ ತಣ್ಣಗಾದಾಗ ಅಥವಾ ನೀರು ಬಿದ್ದಾಗ ಮಬ್ಬಾದರೆ ಗಾಬರಿಯಾಗಬೇಡಿ. ಆ ಮಬ್ಬು ಕಡಿಮೆ ಮದ್ಯಸಾರದಲ್ಲಿ ಕರಗಿರಲಾರದ ಕೊಬ್ಬಿನ ಎಸ್ಟರುಗಳದ್ದು.

ಯಾವ ಮರ, ಎಷ್ಟನೇ ಸಲ

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ದುಬಾರಿ ನಿರಾಶೆಗಳು ಹುಟ್ಟುವುದು ಬಹುತೇಕ ಇಲ್ಲೇ. ಓಕ್ ಮೂರು ಕೆಲಸ ಮಾಡುತ್ತದೆ: ಹೊಸ ಮದ್ಯದ ಗಂಧಕದ ಒರಟುತನವನ್ನು ಹೀರಿಕೊಳ್ಳುತ್ತದೆ, ತನ್ನ ಕಂಪು, ಒಗರಿನ ಅಂಶಗಳಾದ ವೆನಿಲಿನ್, ಲ್ಯಾಕ್ಟೋನ್, ಟ್ಯಾನಿನ್‌ಗಳನ್ನು ಬಿಟ್ಟುಕೊಡುತ್ತದೆ, ಗಾಳಿಯನ್ನು ನಿಧಾನವಾಗಿ ಒಳಬಿಟ್ಟು ಮಾಗಿಸುತ್ತದೆ. ಫಸ್ಟ್ ಫಿಲ್, ಅಂದರೆ ಬರ್ಬನ್ ಅಥವಾ ಶೆರಿಯ ನಂತರ ಮೊದಲ ಸಲ ಸ್ಕಾಚ್ ತುಂಬಿಸಿಕೊಂಡ ಪೀಪಾಯಿ, ಎರಡನೆಯ ಕೆಲಸವನ್ನು ಭರದಿಂದ ಮಾಡುತ್ತದೆ. ಹನ್ನೆರಡು, ಹದಿನೈದು ವರ್ಷಕ್ಕೆ ಅದು ಸೊಗಸು. ಮೂವತ್ತಕ್ಕೆ ಬರುವಷ್ಟರಲ್ಲಿ ಮದ್ಯದ ಸ್ವಂತ ಗುಣ ಸತ್ತು, ನಾಲಿಗೆ ಒಣಗಿಸುವ ಒಗರು ಮತ್ತು ಕಹಿ ಉಳಿಯುವ ಅಪಾಯವಿದೆ. ರೀಫಿಲ್ ಹಾಗ್ಸ್‌ಹೆಡ್ ನಿಧಾನಿ; ಅದರಲ್ಲಿ ಹಿಂದೆಯೇ ಸ್ಕಾಚ್ ಮಾಗಿರುತ್ತದೆ. ಮರ ಕೊಡುವುದು ಕಡಿಮೆ, ಗಾಳಿಯ ಕೆಲಸ ಹೆಚ್ಚು. ಮಾಗಿದ ಹಣ್ಣು, ಜೇನುಮೇಣ, ಹಳೆಯ ಚರ್ಮದಂಥ ದೀರ್ಘಕಾಲದ ಕಂಪುಗಳು ಸ್ಪಷ್ಟವಾಗಿ ಸಿಗುವುದು ಇಂಥವುಗಳಲ್ಲೇ. ಮೂವತ್ತು ದಾಟಿದ ಬಾಟಲಿಯನ್ನು ರುಚಿ ನೋಡದೆ ಕೊಳ್ಳುವ ಪರಿಸ್ಥಿತಿ ಬಂದರೆ ರೀಫಿಲ್ ಹಾಗ್ಸ್‌ಹೆಡ್ ಆರಿಸಿ. ಫಸ್ಟ್ ಫಿಲ್ ಶೆರಿ ಬಟ್‌ನ ಕಡುಬಣ್ಣಕ್ಕೆ ಮರುಳಾಗಬೇಡಿ.

ಶೆರಿ ಪೀಪಾಯಿ ಎಂದಾಗ ಇನ್ನೊಂದು ಸಂಗತಿ. ಹಿಂದೆ ಶೆರಿಯನ್ನು ಪೀಪಾಯಿಯಲ್ಲೇ ಸ್ಪೇನಿನಿಂದ ಬ್ರಿಟನ್ನಿಗೆ ಸಾಗಿಸುತ್ತಿದ್ದರು, ಖಾಲಿಯಾದದ್ದನ್ನು ವಿಸ್ಕಿಯವರು ಕೊಳ್ಳುತ್ತಿದ್ದರು. 1980ರ ದಶಕದಲ್ಲಿ ಶೆರಿಯನ್ನು ಸ್ಪೇನಿನಲ್ಲೇ ಬಾಟಲಿಗೆ ತುಂಬುವುದು ಕಡ್ಡಾಯವಾಗಿ ಆ ದಾರಿ ಮುಚ್ಚಿತು. ಈಗಿನವು ಬಹುಪಾಲು ವಿಸ್ಕಿಗೆಂದೇ ಶೆರಿ ತುಂಬಿ ಹದಮಾಡಿದ ಪೀಪಾಯಿಗಳು. 1970ರ ದಶಕದ ಶೆರಿ ಪೀಪಾಯಿಯ ರುಚಿಯನ್ನು ಇತ್ತೀಚಿನದರಲ್ಲಿ ಹುಡುಕಿದರೆ ಸಿಗದು.

ಫಿನಿಶ್, ರೀ-ರ‍್ಯಾಕ್ (ಕೊನೆಗೆ ಬೇರೆ ಪೀಪಾಯಿಗೆ ಬದಲಿಸಿ ಮಾಗಿಸುವುದು) ಎಂಬ ಮಾತು ಕಂಡರೆ ಎಷ್ಟು ತಿಂಗಳು ಎಂದು ಕೇಳಿ. ದಣಿದ ಪೀಪಾಯಿಯ ವಿಸ್ಕಿಯನ್ನು ಕೊನೆಯ ವರ್ಷ ಹೊಸ ಪೀಪಾಯಿಗೆ ಹಾಕಿ ಬಣ್ಣ ಬರಿಸುವುದುಂಟು. ಹಲವು ಹಾಗ್ಸ್‌ಹೆಡ್‌ಗಳನ್ನು ಒಂದು ಬಟ್‌ಗೆ ಸುರಿದು ಸಿಂಗಲ್ ಕಾಸ್ಕ್ ಎನ್ನುವುದೂ ಉಂಟು. ನಮ್ಮ ಪ್ರಕಾರ ಅದು ಮಾತಿಗೆ ಸರಿ, ಅರ್ಥಕ್ಕೆ ಅಲ್ಲ.

ಕೊಳ್ಳುವ ಮುನ್ನ

ಹಳೆಯ ಸಿಂಗಲ್ ಕಾಸ್ಕ್‌ಗಳಲ್ಲಿ ಹೆಚ್ಚಿನವು ಸ್ವತಂತ್ರ ಬಾಟ್ಲರುಗಳಿಂದ ಬರುತ್ತವೆ. ಅಂದರೆ ಭಟ್ಟಿಗಳಿಂದ ಪೀಪಾಯಿ ಕೊಂಡು ತಮ್ಮ ಹೆಸರಲ್ಲಿ ತುಂಬುವವರಿಂದ. 1842ರ ಕೇಡನ್‌ಹೆಡ್ಸ್, 1895ರ ಗಾರ್ಡನ್ ಅಂಡ್ ಮ್ಯಾಕ್‌ಫೇಲ್, 1988ರ ಸಿಗ್ನಟರಿ ಇಂಥವು. 1983ರಲ್ಲಿ ಎಡಿನ್‌ಬರೋದಲ್ಲಿ ಶುರುವಾದ ಸ್ಕಾಚ್ ಮಾಲ್ಟ್ ವಿಸ್ಕಿ ಸೊಸೈಟಿ ಭಟ್ಟಿಯ ಹೆಸರಿನ ಬದಲು ಸಂಖ್ಯೆ ಹಾಕುತ್ತದೆ: ಚುಕ್ಕೆಯ ಮೊದಲಿನದು ಭಟ್ಟಿ, ನಂತರದ್ದು ಪೀಪಾಯಿ. ಅತಿ ದೀರ್ಘ ವಯಸ್ಸು ಹೇಗೆ ಸಾಧ್ಯ ಎಂಬುದಕ್ಕೆ ಗಾರ್ಡನ್ ಅಂಡ್ ಮ್ಯಾಕ್‌ಫೇಲ್‌ನವರ ಗ್ಲೆನ್‌ಲಿವೆಟ್ ನೋಡಿ. 1940ರ ಫೆಬ್ರುವರಿಯಲ್ಲಿ ತುಂಬಿದ ಪೀಪಾಯಿ ಸಂಖ್ಯೆ 340ನ್ನು 80 ವರ್ಷದ ನಂತರ ತೆರೆದಾಗ ಮದ್ಯಸಾರ ಶೇ 44.9 ಇತ್ತು, 250 ಡಿಕ್ಯಾಂಟರ್ ಆಯಿತು. ಬಿಗಿಯಾದ ಪೀಪಾಯಿ, ತಂಪಾದ ಗೋದಾಮು ಎರಡೂ ಕೂಡಿಬಂದರೆ ಮಾತ್ರ ಇಂಥದ್ದು.

ಮುಚ್ಚಿದ ಭಟ್ಟಿಗಳ ವಿಸ್ಕಿಗೆ ಬೆಲೆ ಬೇರೆಯೇ. ಪೋರ್ಟ್ ಎಲೆನ್ ಮತ್ತು ಬ್ರೋರಾ 1983ರಲ್ಲಿ, ರೋಸ್‌ಬ್ಯಾಂಕ್ 1993ರಲ್ಲಿ ಮುಚ್ಚಿದವು. ಮೂರೂ ಈಚೆಗೆ ಮತ್ತೆ ತೆರೆದಿದ್ದರೂ ಹಳೆಯ ಸಂಗ್ರಹ ಹೆಚ್ಚುವುದಿಲ್ಲ. ಕುಡಿಯಲೆಂದೇ ಕೊಳ್ಳುವವರಿಗೆ ಹೆಸರುವಾಸಿಯಲ್ಲದ ಭಟ್ಟಿಯ ಹಳೆಯ ಸಿಂಗಲ್ ಗ್ರೇನ್ ಎಷ್ಟೋ ಅಗ್ಗ, ರುಚಿಯಲ್ಲಿ ದುಬಾರಿಯವನ್ನು ನಾಚಿಸುವಂಥದ್ದೂ ಸಿಗುತ್ತದೆ.

ಸಾಧ್ಯವಾದರೆ ಅದೇ ಪೀಪಾಯಿ ಸಂಖ್ಯೆಯ 2ರಿಂದ 5 ಸೆಂಟಿಲೀಟರ್ ಮಾದರಿ ಮೊದಲು ತರಿಸಿ. ಅದೇ ಭಟ್ಟಿ, ಅದೇ ವರ್ಷ, ಪಕ್ಕದ ಸಂಖ್ಯೆಯ ಪೀಪಾಯಿ ಆದರೂ ಆಗದು. ಅಕ್ಕಪಕ್ಕದ ಪೀಪಾಯಿಗಳೇ ಪೂರ್ತಿ ಬೇರೆಯಾಗಿರುತ್ತವೆ. ವಿಸ್ಕಿಬೇಸ್‌ನಂಥ ದತ್ತಕೋಶದಲ್ಲಿ ಪೀಪಾಯಿ ಸಂಖ್ಯೆ, ದಿನಾಂಕ, ಬಾಟಲಿಗಳ ಲೆಕ್ಕ ಹೊಂದುತ್ತದೆಯೇ ನೋಡಿ. ಅಂಕಗಳನ್ನು ಬದಿಗಿಟ್ಟು ವಿವರಣೆ ಓದಿ. ಮೂರು ನಾಲ್ಕು ಜನ ಕಹಿ, ಮರದ ಪುಡಿ, ರಬ್ಬರ್ ಎಂದಿದ್ದರೆ ಅಷ್ಟು ಸಾಕು.

ಹರಾಜಿನಲ್ಲಿ ಕೊಳ್ಳುವಾಗ ಕೂಗಿದ ಬೆಲೆಯ ಮೇಲೆ ಕೊಳ್ಳುವವರ ಕಮಿಷನ್, ತೆರಿಗೆ, ಸಾಗಾಣಿಕೆ ಸೇರಿಸಿ ನಿಮ್ಮ ಮಿತಿಯನ್ನು ಮೊದಲೇ ಬರೆದಿಟ್ಟುಕೊಳ್ಳಿ. ದ್ರವದ ಮಟ್ಟ ಕುತ್ತಿಗೆಯಲ್ಲಿದ್ದರೆ ಒಳ್ಳೆಯದು. ಭುಜದ ಕೆಳಗಿಳಿದಿದ್ದರೆ ಕಾರ್ಕ್ ಸೋತಿದೆ, ಮದ್ಯಸಾರವೂ ಇಳಿದಿರುತ್ತದೆ. ಸೀಲ್, ಕಾರ್ಕ್, ಬಾಟಲಿಯ ತಳ, ಲೇಬಲ್ಲಿನ ಅಂಚು ಇವುಗಳ ಹತ್ತಿರದ ಚಿತ್ರ ಕೇಳಿ. ಕಾಲಕ್ಕೆ ಒಗ್ಗದ ಗುರುತುಗಳನ್ನು ಹುಡುಕಿ. 1990ರ ದಶಕದ ಆರಂಭದವರೆಗೆ ಬ್ರಿಟನ್ನಿನ ಬಾಟಲಿ 75 ಸೆಂಟಿಲೀಟರಿನದು, ಆಮೇಲೆ 70 ಆಯಿತು. ಬ್ರಿಟನ್ ಮಾರುಕಟ್ಟೆಗೆ 1985ರಲ್ಲಿ ತುಂಬಿದ್ದು ಎನ್ನುವ ಬಾಟಲಿಯ ಮೇಲೆ 70 ಎಂದಿದ್ದರೆ, ಅಥವಾ ಜಾಲತಾಣದ ವಿಳಾಸ ಅಚ್ಚಾಗಿದ್ದರೆ ಕೈಬಿಡಿ.

ನಕಲಿಯ ಭಯ ಉತ್ಪ್ರೇಕ್ಷೆಯಲ್ಲ. 2018ರಲ್ಲಿ ಸ್ಕಾಟ್ಲೆಂಡಿನ ವಿಶ್ವವಿದ್ಯಾಲಯಗಳ ಜಂಟಿ ಪರಿಸರ ಸಂಶೋಧನಾ ಕೇಂದ್ರ 55 ವಿರಳ ಬಾಟಲಿಗಳನ್ನು ಪರೀಕ್ಷಿಸಿದಾಗ 21 ನಕಲಿಯಾಗಿದ್ದವು, ಇಲ್ಲವೇ ಹೇಳಿದ ವರ್ಷದವಲ್ಲ. 2017ರಲ್ಲಿ ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಸ್‌ನ ಹೋಟೆಲೊಂದರಲ್ಲಿ 1878ರದ್ದೆಂದು ಸುಮಾರು 10 ಸಾವಿರ ಫ್ರಾಂಕಿಗೆ ಒಂದು ಪೆಗ್ ಮಾರಾಟವಾದ ವಿಸ್ಕಿ, ಪರೀಕ್ಷೆಯಲ್ಲಿ 1970ರ ಆಸುಪಾಸಿನದೆಂದು ಗೊತ್ತಾಯಿತು. 1950 ಮತ್ತು 60ರ ದಶಕಗಳ ಅಣ್ವಸ್ತ್ರ ಪರೀಕ್ಷೆಗಳು ವಾತಾವರಣದಲ್ಲಿ ಇಂಗಾಲ-14ರ ಪ್ರಮಾಣವನ್ನು ಏರಿಸಿದ್ದವು, ಅದು ಬಾರ್ಲಿಗೂ ಇಳಿದಿತ್ತು. 1878ರ ವಿಸ್ಕಿಯಲ್ಲಿ ಆ ಏರಿಕೆ ಇರಲಾರದು, ಸುಳ್ಳು ಬಯಲಾದದ್ದು ಹಾಗೆ.

ತೆರೆಯುವುದು

ಹಳೆಯ ಕಾರ್ಕ್ ಮುರಿಯುತ್ತದೆ ಎಂದು ಮೊದಲೇ ಸಿದ್ಧರಾಗಿ. ಬಾಟಲಿಯನ್ನು ಒಂದೆರಡು ಕ್ಷಣ ಬಗ್ಗಿಸಿ ಕಾರ್ಕ್ ಒದ್ದೆ ಮಾಡಿ, ನೆಟ್ಟಗೆ ನಿಲ್ಲಿಸಿ, ಆಮೇಲೆ ಎಳೆಯುವ ಬದಲು ಮೆಲ್ಲಗೆ ತಿರುಗಿಸುತ್ತ ಎತ್ತಿ. ಮುರಿದರೆ ಎರಡು ಅಲಗಿನ ಕಾರ್ಕ್ ಓಪನರ್ ಅನ್ನು ಅಂಚಿನಿಂದ ಇಳಿಸಿ ತೆಗೆಯಿರಿ. ಚೂರುಗಳು ಒಳಗೆ ಬಿದ್ದರೆ ವಾಸನೆಯಿಲ್ಲದ ಸ್ಟೀಲ್ ಜಾಲರಿಯಲ್ಲಿ ಸೋಸಿ. ಕಾಗದದ ಫಿಲ್ಟರ್ ಬಳಸಲೇಬೇಕಾದರೆ ಬಿಸಿನೀರಲ್ಲಿ ತೊಳೆದು ಒಣಗಿಸಿ, ಇಲ್ಲದಿದ್ದರೆ ಕಾಗದದ ವಾಸನೆ ವಿಸ್ಕಿಗೆ ಹತ್ತುತ್ತದೆ. ಹಳೆಯ ಬಾಟಲಿಗಳ ಶುದ್ಧ ಕಾರ್ಕುಗಳನ್ನು ಎತ್ತಿಟ್ಟುಕೊಂಡಿದ್ದರೆ ಆಗ ಉಪಯೋಗಕ್ಕೆ ಬರುತ್ತವೆ.

ಲೋಟದಲ್ಲಿ

ಗ್ಲೆನ್‌ಕೇರ್ನ್ ಅಥವಾ ಕೊಪಿಟದಂತೆ ಹೊಟ್ಟೆ ಅಗಲ, ಬಾಯಿ ಕಿರಿದು ಇರುವ ಲೋಟ ಬೇಕು. ಸೋಪಿನ ವಾಸನೆ ಉಳಿಯದಂತೆ ಬಿಸಿನೀರಲ್ಲಿ ತೊಳೆದು ಗಾಳಿಗೆ ಒಣಗಿಸಿ. ಕೋಣೆ 18ರಿಂದ 22 ಡಿಗ್ರಿ ಇರಲಿ. ಐಸ್ ಬೇಡ, ತಂಪು ಕಂಪನ್ನು ಕಟ್ಟಿಹಾಕುತ್ತದೆ. ಸುಗಂಧದ್ರವ್ಯ, ಕಾಫಿ, ಖಾರದ ಊಟ, ಸಿಗರೇಟು ಇವುಗಳಿಂದ ಒಂದು ಗಂಟೆಯಾದರೂ ದೂರವಿರಿ. ಊಟಕ್ಕೆ ಮುಂಚಿನ ಹೊತ್ತಿನಲ್ಲಿ ಮೂಗು ಚುರುಕು.

15ರಿಂದ 20 ಮಿಲಿಲೀಟರ್ ಸಾಕು. ಮುಚ್ಚಿಡದೆ 10 ನಿಮಿಷ ಬಿಡಿ, ಆಮೇಲೆ ಗಾಜಿನ ಮುಚ್ಚಳ ಹಾಕಿ ಇನ್ನೊಂದು 10 ನಿಮಿಷ. ವಯಸ್ಸಿನ ಪ್ರತಿ ವರ್ಷಕ್ಕೆ ಒಂದು ನಿಮಿಷ ಕಾಯಬೇಕೆಂಬ ಮಾತಿದೆ. ಅಷ್ಟು ಲೆಕ್ಕಾಚಾರ ಬೇಕಿಲ್ಲ. ಆದರೆ ದಶಕಗಳ ಕಾಲ ಬಾಟಲಿಯಲ್ಲೇ ಇದ್ದ ವಿಸ್ಕಿ ಮೊದಲ ಐದು ನಿಮಿಷ ಮುಗ್ಗಲು ವಾಸನೆ, ಲೋಹದ ಛಾಯೆ ತೋರಿಸಿ ಆಮೇಲೆ ತಿಳಿಯಾಗುವುದು ಸಾಮಾನ್ಯ. ಅವಸರದ ತೀರ್ಪು ಬೇಡ.

ಮೂಸುವಾಗ ಲೋಟವನ್ನು ಮೊದಲು ಗಲ್ಲದ ಮಟ್ಟದಲ್ಲಿ ಹಿಡಿದು ನಿಧಾನಕ್ಕೆ ಮೇಲೆತ್ತಿ. ಬಾಯಿ ಸ್ವಲ್ಪ ತೆರೆದಿರಲಿ. ಒಂದೊಂದೇ ಹೊಳ್ಳೆಯಲ್ಲಿ ಚಿಕ್ಕ ಚಿಕ್ಕ ಉಸಿರು. ಮೂಗನ್ನು ಒಳಕ್ಕೆ ತೂರಿಸಿ ಜೋರಾಗಿ ಎಳೆದರೆ ಮದ್ಯಸಾರದ ಘಾಟು ಒಂದೆರಡು ನಿಮಿಷ ಮೂಗನ್ನೇ ಮಂಕು ಮಾಡುತ್ತದೆ. ಹಾಗಾದರೆ ನಿಮ್ಮ ಮುಂಗೈ ಮೂಸಿ, ಒಂದು ನಿಮಿಷ ಬಿಟ್ಟು ಮತ್ತೆ ಹಿಡಿಯಿರಿ.

ಈ ಹಂತದಲ್ಲಿ ಕೇಳಿಕೊಳ್ಳಬೇಕಾದದ್ದು ಒಂದೇ: ಮರದ ಹಿಂದೆ ಮದ್ಯ ಇನ್ನೂ ಜೀವಂತವಿದೆಯೇ? ವೆನಿಲ್ಲಾ, ತೆಂಗು, ಲವಂಗ ಇವು ಮರದ ಕೊಡುಗೆ. ಹಣ್ಣು, ಹೂವು, ಧಾನ್ಯ, ಮೇಣ, ಹೊಗೆ ಮದ್ಯದ ಕಡೆಯವು. ಅಕ್ರೋಟು, ಅಣಬೆ, ಹಳೆಯ ಚರ್ಮ, ಒಣದ್ರಾಕ್ಷಿ ಸೇರಿದ ಆಳವಾದ ಕಂಪಿಗೆ ರ‍್ಯಾನ್ಸಿಯೋ ಎನ್ನುತ್ತಾರೆ. ಅದು ವಯಸ್ಸಿನದು, ಅವಸರದಲ್ಲಿ ಬರುವಂಥದ್ದಲ್ಲ. ಪೀಟ್ (ಜೌಗುನೆಲದಿಂದ ಅಗೆದು ಉರಿಸುವ ಇಂಧನ) ಹೊಗೆಯ ವಿಸ್ಕಿ ಹಳತಾದಂತೆ ಹೊಗೆ ತಗ್ಗುತ್ತದೆ. ಹೊಗೆಗೆ ಹೆಸರಾದ ಐಲಾ ದ್ವೀಪದ ಮೂವತ್ತು ವರ್ಷದ ವಿಸ್ಕಿಯಲ್ಲಿ ಹತ್ತು ವರ್ಷದ್ದರ ಅಬ್ಬರ ನಿರೀಕ್ಷಿಸುವುದು ತಪ್ಪು.

ಮೊದಲ ಗುಟುಕು ಅರ್ಧ ಚಮಚ ಮಾತ್ರ, ಬಾಯಿಯನ್ನು ಹೊಂದಿಸಲು. ಅದರ ಮೇಲೆ ತೀರ್ಪು ಬೇಡ. ಎರಡನೆಯದನ್ನು ನಾಲಿಗೆಯ ಮೇಲೆ ಹತ್ತು ಹದಿನೈದು ಸೆಕೆಂಡ್ ಹೊರಳಿಸಿ ನುಂಗಿ, ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ಅರ್ಧ ರುಚಿ ಸಿಗುವುದು ಆ ಉಸಿರಿನಲ್ಲೇ. ರುಚಿ ಎಷ್ಟು ಹೊತ್ತು ಉಳಿಯಿತು ಎಂಬುದರ ಜೊತೆಗೆ ಉಳಿದದ್ದೇನು ಎಂಬುದನ್ನೂ ಗಮನಿಸಿ. ಬರಿಯ ಒಗರು ಐದು ನಿಮಿಷ ಉಳಿದರೆ ಅದು ದೀರ್ಘ ಫಿನಿಶ್ (ಕೊನೆಗುಳಿಯುವ ರುಚಿ) ಅಲ್ಲ, ದೀರ್ಘ ಶಿಕ್ಷೆ.

ನೀರು ಹನಿಯ ಲೆಕ್ಕದಲ್ಲಿ. ಖನಿಜ ಕಡಿಮೆ ಇರುವ, ಕೋಣೆಯ ಉಷ್ಣತೆಯ ನೀರು ಮತ್ತು ಡ್ರಾಪರ್ ಸಾಕು. ಸುಮಾರು 20 ಹನಿಗೆ ಒಂದು ಮಿಲಿಲೀಟರ್. ಎಷ್ಟು ನೀರು ಬೇಕೆಂದು ತಿಳಿಯಲು ವಿಸ್ಕಿಯ ಪ್ರಮಾಣವನ್ನು ಅದರ ಮದ್ಯಸಾರದಿಂದ ಗುಣಿಸಿ, ಬೇಕಾದ ಮದ್ಯಸಾರದಿಂದ ಭಾಗಿಸಿ, ಮೊದಲಿನ ಪ್ರಮಾಣವನ್ನು ಕಳೆಯಿರಿ. ಶೇ 55ರ 20 ಮಿಲಿಲೀಟರನ್ನು 50ಕ್ಕೆ ಇಳಿಸಲು 2 ಮಿಲಿಲೀಟರ್, 46ಕ್ಕೆ ಸುಮಾರು 4. ನೀರು ಕಂಪನ್ನು ಏಕೆ ಬಿಡಿಸುತ್ತದೆ ಎಂಬುದಕ್ಕೆ ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಇಬ್ಬರು 2017ರಲ್ಲಿ ಕಂಪ್ಯೂಟರ್ ಲೆಕ್ಕದಿಂದ ಉತ್ತರ ಕೊಟ್ಟರು: ಹೊಗೆವಾಸನೆಯ ಗ್ವಾಯಕಾಲ್ ಅಣುಗಳು, ನೀರು ಬೆರೆತಾಗ ದ್ರವದ ಮೇಲ್ಮೈಗೆ ಸರಿಯುತ್ತವೆ.

ಆದರೆ ಈ ಲೆಕ್ಕವನ್ನು ಶೇ 45ಕ್ಕಿಂತ ಕೆಳಗಿನ ಹಳೆಯ ವಿಸ್ಕಿಗೆ ಕುರುಡಾಗಿ ಹಚ್ಚಬೇಡಿ. ವಯಸ್ಸಾದ ವಿಸ್ಕಿಯಲ್ಲಿ ಟ್ಯಾನಿನ್ ಹೆಚ್ಚು. ನೀರು ಬಿದ್ದಾಗ ಮೈದುಂಬಿದ ಜಿಡ್ಡಿನ ಹಿಡಿತ ಸಡಿಲಿ, ಹೊತ್ತು ಮೀರಿ ಕುದಿಸಿದ ಚಹಾದ ಒಗರು ಮುಂದೆ ಬರುತ್ತದೆ. ಅಂಥದ್ದಕ್ಕೆ ಎರಡು ಹನಿ, ಐದು ನಿಮಿಷ ಕಾಯುವುದು, ಬೇಕಿದ್ದರೆ ಇನ್ನೆರಡು. ಹಾಕಿದ ನೀರನ್ನು ಹಿಂದಕ್ಕೆ ತೆಗೆಯಲಾಗದು, ಆದ್ದರಿಂದ ಸುರಿದದ್ದರಲ್ಲಿ ಅರ್ಧವನ್ನು ಇನ್ನೊಂದು ಲೋಟದಲ್ಲಿ ಹಾಗೆಯೇ ಉಳಿಸಿಕೊಂಡು ಹೋಲಿಸಿ.

ಒಂದೇ ಕೂಟದಲ್ಲಿ ಹಲವು ಬಾಟಲಿಗಳಿದ್ದರೆ ಕಡಿಮೆ ಮದ್ಯಸಾರದ ನಾಜೂಕಾದ ಹಳೆಯದು ಮೊದಲು, ಹೊಗೆಯದು ಕೊನೆಗೆ. ನಾಲ್ಕಕ್ಕಿಂತ ಹೆಚ್ಚು ಬೇಡ. ಆಮೇಲೆ ನಾಲಿಗೆ ಹೇಳುವುದೆಲ್ಲ ಊಹೆ, ಗಾಡಿಯನ್ನಂತೂ ಮುಟ್ಟುವಂತಿಲ್ಲ.

ದೋಷ ಯಾವುದು, ಗುಣ ಯಾವುದು

ಉಜ್ಜಿದ ಬೆಂಕಿಕಡ್ಡಿ, ರಬ್ಬರ್, ಬೆಂದ ಎಲೆಕೋಸಿನ ವಾಸನೆ ಗಂಧಕದ್ದು. ಶೆರಿ ಪೀಪಾಯಿಗಳಲ್ಲಿ ಹೆಚ್ಚು, ಖಾಲಿ ಪೀಪಾಯಿ ಕೆಡದಿರಲೆಂದು ಗಂಧಕ ಉರಿಸುವ ರೂಢಿಯೂ ಒಂದು ಕಾರಣ. ತೆಳುವಾಗಿದ್ದರೆ ಗಾಳಿಗೆ ಹೋಗುತ್ತದೆ, ಅರ್ಧ ಗಂಟೆಯಾದರೂ ಕದಲದಿದ್ದರೆ ಅದು ಅಲ್ಲೇ ಇರುತ್ತದೆ. ಒದ್ದೆ ರಟ್ಟಿನ ವಾಸನೆ ಕಾರ್ಕ್ ಕೆಟ್ಟದ್ದರ ಗುರುತು, ಹೊತ್ತು ಹೋದಂತೆ ಹೆಚ್ಚುತ್ತದೆ, ಅದಕ್ಕೆ ಮದ್ದಿಲ್ಲ. ಮಾರಿದವರಿಗೆ ತಕ್ಷಣ ತಿಳಿಸಿ. ಕಂಪೂ ಇಲ್ಲದೆ ರುಚಿಯೂ ಇಲ್ಲದೆ ಚಪ್ಪೆಯಾಗಿದ್ದರೆ ಸೀಲ್ ಸೋರಿರಬಹುದು.

ಉಳಿದದ್ದನ್ನು ಇಡುವುದು

ಬಾಟಲಿ ಸದಾ ನೆಟ್ಟಗಿರಲಿ, ವೈನಿನಂತೆ ಮಲಗಿಸಿದರೆ ಗಾಢ ಮದ್ಯಸಾರ ಕಾರ್ಕನ್ನು ತಿಂದು ರುಚಿ ಕೆಡಿಸುತ್ತದೆ. ಬಿಸಿಲು ಬೀಳದ, ಬಿಸಿ ಏರಿಳಿಯದ ಕಪಾಟು ಸಾಕು. ತೆರೆದ ಮೊದಲ ವಾರಗಳಲ್ಲಿ ಬಿಗಿಯಾಗಿದ್ದ ವಿಸ್ಕಿ ಬಿಚ್ಚಿಕೊಳ್ಳುವುದೂ ಉಂಟು, ಹಾಗಾಗಿ ಮೊದಲ ದಿನದ ಟಿಪ್ಪಣಿಯನ್ನು ತಿಂಗಳ ನಂತರದ್ದರೊಡನೆ ಹೋಲಿಸಿ. ಮೂರನೇ ಒಂದು ಭಾಗಕ್ಕಿಳಿದ ಮೇಲೆ ಒಳಗಿನ ಗಾಳಿ ಹೆಚ್ಚಿ ಹಣ್ಣಿನ ಕಂಪು ಮೊದಲು ಸೋಲುತ್ತದೆ. ಆಗ 10 ಅಥವಾ 20 ಸೆಂಟಿಲೀಟರಿನ ಗಾಜಿನ ಬಾಟಲಿಗಳಿಗೆ ಕತ್ತಿನವರೆಗೆ ತುಂಬಿ, ಮುಚ್ಚಳದ ಸುತ್ತ ಪ್ಯಾರಾಫಿಲ್ಮ್ (ಹಿಗ್ಗುವ ಮೇಣದ ಪಟ್ಟಿ) ಸುತ್ತಿ, ಪೀಪಾಯಿ ಸಂಖ್ಯೆ ಮತ್ತು ತೆರೆದ ದಿನಾಂಕದ ಚೀಟಿ ಅಂಟಿಸಿ.